ಈಜುಕೊಳಕ್ಕೊಂದು ಮರೆ

ಹಿರಿಯೂರಿನಲ್ಲಿ ಪಂಪ್‌ಸೆಟ್ ಅಂಗಡಿ ಇಟ್ಟಿರುವ ಹಾಲಸ್ವಾಮಿ ಹಿತ್ತಲಲ್ಲಿ ಈಜುಕೊಳ ಕಟ್ಟಿಸಿದ್ದು ಹೆಂಡತಿ ಮಂಗಳಾಳ ಮಂಡಿನೋವಿನ ಸಲುವಾಗಿ. ಎದೆಮಟ್ಟದ ನೀರಿನಲ್ಲಿ ದಿನಾ ಅರ್ಧ ಗಂಟೆ ನಡೆದರೆ ಆಪರೇಷನ್ ತಪ್ಪಿಸಬಹುದು ಎಂದು ದುರ್ಗದ ಡಾಕ್ಟರು ಹೇಳಿದ್ದರು. ಹಾಲಸ್ವಾಮಿಗೆ ಅಷ್ಟು ಮಾತೇ ಸಾಕಾಯಿತು. ಹುಡುಗನಾಗಿದ್ದಾಗ ಮಾರಿಕಣಿವೆಯ ನಾಲೆಯಲ್ಲಿ ಬೆಳಗಿನಿಂದ ಸಂಜೆವರೆಗೆ ಬಿದ್ದಿರುತ್ತಿದ್ದವನು ಅವನು. ಮೂವತ್ತು ವರ್ಷ ಊರಿಗೆಲ್ಲ ನೀರೆತ್ತುವ ಯಂತ್ರ ಮಾರಿದ್ದನೇ ಹೊರತು ಸ್ವಂತಕ್ಕೆ ಒಂದು ಮುಳುಗು ಹಾಕುವಷ್ಟು ನೀರು ಕಂಡಿರಲಿಲ್ಲ. ಇಪ್ಪತ್ತಡಿ ಉದ್ದ, ಹನ್ನೆರಡಡಿ ಅಗಲದ ಕೊಳ ತುಂಬಿದ ದಿನ ಹೆಂಡತಿಗೆ ದೊಡ್ಡ ಮನಸ್ಸು ಮಾಡಿ ಹೇಳಿದ: "ಮೊದ್ಲು ನೀನಿಳಿ. ನಿನ್ನ ಹೆಸರಲ್ಲಿ ಕಟ್ಟಿಸಿರೋದು. ಆಮೇಲೆ ನಾನು."

ತೊಂದರೆ ಶುರುವಾದದ್ದೇ ಈ ದೊಡ್ಡ ಮನಸ್ಸಿನಿಂದ.

ಶನಿವಾರ ಬೆಳಿಗ್ಗೆ ಮಂಗಳಾ ಮಗಳ ಹಳೆಯ ಚೂಡಿದಾರ ತೊಟ್ಟು, ಮೇಲೊಂದು ಟವೆಲ್ ಹೊದ್ದು, ನಿಧಾನವಾಗಿ ಮೆಟ್ಟಿಲ ಹತ್ತಿರ ಬಂದಳು. ಒಂದು ಕಾಲಿನ ಹೆಬ್ಬೆರಳು ಇನ್ನೇನು ನೀರಿಗೆ ತಾಗಬೇಕು, ಪಕ್ಕದ ಮನೆಯ ತಾರಸಿಯಲ್ಲಿ ಮೆಣಸಿನಕಾಯಿ ಒಣಹಾಕುತ್ತಿದ್ದ ಈರಕ್ಕ ಬಗ್ಗಿ ನೋಡಿದಳು.

"ಏನ್ ಮಂಗಳಾ, ಬಟ್ಟೆ ಒಗೆಯಾಕೆ ಇಷ್ಟು ದೊಡ್ಡ ತೊಟ್ಟಿ ಕಟ್ಟಿಸೀರಾ?"

ಆ ಕಡೆ ಮನೆಯ ಬಾಲ್ಕನಿಯಲ್ಲಿ ಪೇಪರ್ ಓದುತ್ತಿದ್ದ ನಿವೃತ್ತ ಮೇಷ್ಟ್ರು ದಯಾನಂದ, ಪೇಪರ್ ಇಳಿಸಿ ಕನ್ನಡಕ ಏರಿಸಿದರು.

ಮಂಗಳಾ ಹೆಬ್ಬೆರಳನ್ನು ಹಿಂದಕ್ಕೆಳೆದುಕೊಂಡು ಒಳಗೆ ಹೋದಳು. "ಊರ ಕಣ್ಣಿಗೆ ಮರೆ ಆಗೋವರ್ಗೂ ನಾನು ಆ ನೀರಿಗೆ ಕಾಲಿಡಂಗಿಲ್ಲ ನೋಡ್ರಿ," ಎಂದಳು. ಅವಳು ಇಳಿಯದೆ ತಾನು ಇಳಿಯುವುದು ಹೇಗೆ? ಮನೆಗಳಿಗೆ ತೋಟದ ವಿನ್ಯಾಸ ಮಾಡಿಕೊಡುವ ದುರ್ಗದ ನಾಗಶ್ರೀಗೆ ಹಾಲಸ್ವಾಮಿ ಅಂದೇ ಫೋನ್ ಹಚ್ಚಿದ.

ಭಾನುವಾರ ಬೆಳಿಗ್ಗೆ ಎಂಟಕ್ಕೆ ನಾಗಶ್ರೀ ನಕ್ಷೆ ಸಮೇತ ಬಂದಳು. ಕಟ್ಟೆಯ ಮೇಲೆ ಹಾಸಿ ವಿವರಿಸಿದಳು.

"ಕೊಳದ ಸುತ್ತ ಹಾಕೋ ಗಿಡ ಎಲೆ ಉದುರಿಸಬಾರದು ಸಾರ್, ನೀರು ಕೆಡ್ತದೆ. ಬೇರು ಗೋಡೆ ಸೀಳಬಾರದು. ಮುಳ್ಳು ಇರಬಾರದು. ಓಡಾಡೋ ಕಡೆ ಜಾರದಂಥ ಒರಟು ಕಲ್ಲು. ಮನೆ ಕಡೆ ಬಿಟ್ಟು ಮೂರೂ ಕಡೆ ಒತ್ತೊತ್ತಾಗಿ ಬಿದಿರು. ಇದು ಹರಡಲ್ಲ, ಬುಡದಲ್ಲೇ ಗುಂಪಾಗಿ ಬೆಳೀತದೆ. ಆಗಲೇ ಹತ್ತಡಿ ಬೆಳೆದಿರೋವು ಆದಿವಾಲದ ನರ್ಸರಿಯಿಂದ ಬರ್ತಾ ಅವೆ. ಸಂಜೆಗೆ ಹಸಿರು ಗೋಡೆ ಎದ್ದು ನಿಂತಿರ್ತದೆ."

ಹಾಲಸ್ವಾಮಿಗೆ ನಕ್ಷೆ ನೋಡಿಯೇ ಅರ್ಧ ಈಜಿದಷ್ಟು ಹಿತವಾಯಿತು. ಆಳುಗಳು ಮೂವತ್ತು ಗುಂಡಿ ತೋಡಲು ನಿಂತರು.

ಬಿದಿರು ತಂದ ಪಿಕಪ್ ಗಾಡಿಯವನಿಗೆ ಮನೆ ಗೊತ್ತಿರಲಿಲ್ಲ. ಹತ್ತಡಿಯ ಗಿಡಗಳನ್ನು ಉದ್ದಕ್ಕೆ ಮಲಗಿಸಿ, ಬುಡಕ್ಕೆ ಒದ್ದೆ ಗೋಣಿಚೀಲ ಹೊದಿಸಿದ್ದ. ಹಸಿರು ತುದಿಗಳು ಹಿಂದೆ ಜೋಲಾಡುತ್ತಿದ್ದವು. ಬೀದಿ ತಿರುವಿನಲ್ಲಿ ಮುರುಗೇಶಪ್ಪನ ಹೋಟೆಲ್ ಮುಂದೆ ನಿಲ್ಲಿಸಿ ಕೇಳಿದ: "ಹಾಲಸ್ವಾಮಿಯವ್ರ ಮನೆ ಯಾವ್ದ್ರಿ? ಹಸಿ ಬಿದಿರು ತಂದೀನಿ. ಬೇಗ ಹೇಳ್ರಿ, ಬಿಸಿಲಿಗೆ ತಡಿಯಲ್ಲ."

ಇಡ್ಲಿ ತಿನ್ನುತ್ತಿದ್ದವರ ಕೈ ತಟ್ಟೆಯಲ್ಲೇ ನಿಂತಿತು. ಮನೆ ಮುಂದೆ ಹಸಿ ಬಿದಿರು ಯಾವಾಗ ಇಳಿಯುತ್ತದೆ ಎಂಬುದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಚಟ್ಟ ಕಟ್ಟುವುದಕ್ಕಲ್ಲದೆ ಇನ್ಯಾವುದಕ್ಕೆ? ಮುರುಗೇಶಪ್ಪ ಮನೆಯ ದಾರಿ ತೋರಿಸಿ, ಗಾಡಿ ಹೋದ ಮೇಲೆ ಹೋಟೆಲಿನ ಶಟರನ್ನು ಗೌರವದಿಂದ ಅರ್ಧ ಇಳಿಸಿದ.

ಹತ್ತು ನಿಮಿಷದಲ್ಲಿ ಹಾಲಸ್ವಾಮಿಯ ಗೇಟಿನ ಮುಂದೆ ಜನ ಸೇರಿದರು. ಹೆಂಗಸರು ತಲೆ ಮೇಲೆ ಸೆರಗು ಎಳೆದುಕೊಂಡು, ಗಂಡಸರು ಕೈಕಟ್ಟಿಕೊಂಡು ಬಂದರು. ಈರಕ್ಕ ತಾರಸಿಯಿಂದ ಓಡೋಡಿ ಇಳಿದವಳು ದಾರಿಯಲ್ಲೇ ಅಳಲು ಶುರುಮಾಡಿದ್ದಳು. "ನೆನ್ನೆ ಚೆನ್ನಾಗಿದ್ನಲ್ಲಪ್ಪ! ನನ್ನ ಕಣ್ಣೇ ತಾಗ್ತೇನೋ!"

ಅಂಗಡಿಯ ಮೆಕ್ಯಾನಿಕ್ ಮಾರುತಿ ಸೇವಂತಿಗೆಯ ದೊಡ್ಡ ಹಾರ ಹಿಡಿದು ಬೈಕಿನಿಂದ ಜಿಗಿದ. ಹಿತ್ತಲಿಗೆ ನುಗ್ಗಿ, ಅಲ್ಲಿ ಬೆನ್ನು ತಿರುಗಿಸಿ ಗುಂಡಿ ಅಳೆಯುತ್ತಿದ್ದವನನ್ನು ಕೇಳಿದ: "ಎಷ್ಟೊತ್ತಿಗೆ ಆತ್ರಿ ಅಣ್ಣಂಗೆ?"

ಅಳೆಯುತ್ತಿದ್ದವನು ತಿರುಗಿದ. ಅವನೇ ಹಾಲಸ್ವಾಮಿ.

ಮಾರುತಿ ಹಾರವನ್ನು ಬೆನ್ನ ಹಿಂದೆ ಸರಿಸಿದ. "ಹಾರ ಯಾಕಲೇ?" ಎಂದ ಹಾಲಸ್ವಾಮಿ.

"ಈಜುಕೊಳದ ಓಪನಿಂಗ್ ಅಂದ್ರಲ್ಲಣ್ಣ," ಎಂದು ಮಾರುತಿ ಹಾರವನ್ನು ನೀರಿನ ಪೈಪಿಗೆ ಹಾಕಿಬಿಟ್ಟ.

ಆದರೆ ಅಷ್ಟರಲ್ಲಿ ಮುಂಬಾಗಿಲಲ್ಲಿ ಈರಕ್ಕ ಮಂಗಳಾಳನ್ನು ತಬ್ಬಿ ಅತ್ತಾಗಿತ್ತು. ವಿಷಯ ತಿಳಿದ ಮಂಗಳಾ ಮಂಡಿನೋವು ಮರೆತು ಹಿತ್ತಲಿಗೆ ಧಾವಿಸಿ ಬಂದಳು.

"ಬದುಕಿರೋ ಗಂಡಂಗೆ ಹಾರ ಬಂದೈತೆ. ಆ ಬಿದಿರಿನ ಒಂದು ಎಲೆನೂ ನನ್ನ ಮನೆ ಹೊಸಿಲು ದಾಟಂಗಿಲ್ಲ. ವಾಪಸ್ ಕಳಿಸ್ರಿ!"

"ಅಮ್ಮ, ಇದು ಅಲಂಕಾರದ ಬಿದಿರು..." ಎಂದಳು ನಾಗಶ್ರೀ.

"ಅದಕ್ಕೂ ಅಲಂಕಾರ ಮಾಡ್ತಾರಮ್ಮ," ಎಂದರು ಜನರ ಜೊತೆ ಒಳಗೆ ಬಂದಿದ್ದ ದಯಾನಂದ ಮೇಷ್ಟ್ರು ಗಂಭೀರವಾಗಿ. "ಅಲ್ದೆ ಬಿದಿರು ಇದ್ದಲ್ಲಿ ಹಾವು ಸೇರ್ತವೆ."

ಪಿಕಪ್ ಬಂದ ದಾರಿಯಲ್ಲೇ ವಾಪಸಾಯಿತು. ಹೆಣವಿಲ್ಲದ ಮನೆಯಿಂದ ಬಿದಿರು ಹಿಂದಕ್ಕೆ ಹೋದದ್ದನ್ನು ನೋಡಿ ಮುರುಗೇಶಪ್ಪ ಶಟರ್ ಮೇಲಕ್ಕೆತ್ತಿದ. ಹಿತ್ತಲಲ್ಲಿ ಉಳಿದದ್ದು ಮೂವತ್ತು ಖಾಲಿ ಗುಂಡಿಗಳು. ನರ್ಸರಿಯಲ್ಲಿ ಎತ್ತರದ ಗಿಡ ಬೇರೆ ಯಾವುದೂ ಇರಲಿಲ್ಲ.

ಬಂದ ಜನ ಮಾತ್ರ ಹೋಗಲಿಲ್ಲ. ಬದುಕಿರುವವನನ್ನು ಸತ್ತನೆಂದು ಅತ್ತದ್ದಕ್ಕೆ ಎಲ್ಲರಿಗೂ ಒಳಗೊಳಗೇ ನಾಚಿಕೆ. ಸುಮ್ಮನೆ ಎದ್ದು ಹೋಗುವುದು ಹೇಗೆ? ಮೊದಲು ಈರಕ್ಕನೇ ಕಣ್ಣೊರೆಸಿಕೊಂಡು ಹೇಳಿದಳು: "ಗುಂಡಿ ಬರಿದು ಬಿಡಬಾರ್ದಪ್ಪ, ಒಳ್ಳೇದಲ್ಲ. ನಮ್ಮನೇಲಿ ಕರಿಬೇವಿನ ಸಸಿ ಅವೆ, ತರ್ತೀನಿ ಇರು."

ಅಲ್ಲಿಂದ ಶುರುವಾಯಿತು. ದಯಾನಂದರು ನುಗ್ಗೆಯ ಕೊಂಬೆ ತಂದರು. ಮಾರುತಿ ಬಾಳೆಗೊನೆ ಬಿಡುವ ಕಾಲಕ್ಕೆ ತನಗೂ ಪಾಲಿರಲಿ ಎಂದು ನಾಲ್ಕು ಬಾಳೆಕಂದು ಹೊತ್ತು ತಂದ. ಮುರುಗೇಶಪ್ಪ ನಿಂಬೆ ಗಿಡ ಕಳಿಸಿದ. ಕುರಿ ಕಾಯುವ ಮಾರಪ್ಪ ಅಗಸೆ ಸಸಿಗಳ ಕಟ್ಟು ಇಳಿಸಿ, "ಸಾಹುಕಾರ್ರೆ, ಇದು ಕಣ್ಣು ಮುಚ್ಚಿ ತೆಗೆಯೋದ್ರಾಗೆ ಬೆಳೀತೈತೆ. ಸೊಪ್ಪು ಹೆಚ್ಚಾದ್ರೆ ಹೇಳ್ರಿ, ಕುರಿ ಹೊಡಕಂಡು ಬರ್ತೀನಿ," ಎಂದ. ನಾಗಶ್ರೀ ಒಬ್ಬೊಬ್ಬರಿಗೂ ಅಡ್ಡ ಬಂದಳು: ನುಗ್ಗೆ ಎಲೆ ಉದುರಿಸುತ್ತದೆ, ನಿಂಬೆಗೆ ಮುಳ್ಳು. ಯಾರು ಕೇಳಬೇಕು? ಕೊನೆಗೆ ಕೆಟ್ಟ ಗಿಡಗಳನ್ನು ನೀರಿನಿಂದ ದೂರದ ಗುಂಡಿಗಳಿಗೆ ಹಾಕಿಸುವುದರಲ್ಲೇ ತೃಪ್ತಿಪಟ್ಟಳು.

ನಾಲ್ಕು ಗಂಟೆಗೆ ಮೂವತ್ತೂ ಗುಂಡಿ ತುಂಬಿದವು. ಅತಿ ಎತ್ತರದ ಗಿಡ ಹಾಲಸ್ವಾಮಿಯ ಸೊಂಟಕ್ಕೆ ಬರುತ್ತಿತ್ತು.

"ಇವು ಮರೆಯಾಗೋಕೆ ಎಷ್ಟು ದಿನ ಬೇಕಮ್ಮ?" ಎಂದು ಕೇಳಿದ.

"ಎರಡು ವರ್ಷ ಸಾರ್," ಎಂದಳು ನಾಗಶ್ರೀ ನಕ್ಷೆ ಸುತ್ತುತ್ತ. "ಅಲ್ಲೀವರೆಗೆ ನಾಲ್ಕೂ ಕಡೆ ಕಂಬ ನೆಟ್ಟು ನರ್ಸರಿಗೆ ಕಟ್ಟೋ ಹಸಿರು ಬಲೆ ಕಟ್ಟಿಸಿ. ಮತ್ತೆ ಒಂದು ಮಾತು. ಇದು ನಾನು ಮಾಡಿದ ಡಿಸೈನ್ ಅಂತ ಯಾರಿಗೂ ಹೇಳ್ಬೇಡಿ."

ಮಾರುತಿ ಪಂಪಿನ ಇಪ್ಪತ್ತಡಿ ಪೈಪುಗಳನ್ನೇ ಕಂಬ ಮಾಡಿ, ದಟ್ಟವಾದ ಹಸಿರು ಬಲೆಯನ್ನು ಎರಡು ಪದರ ಹಾಕಿ ಬಿಗಿದ. ತಾರಸಿಯಿಂದ ನೋಡಿದರೆ ಹಸಿರು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಐದೂವರೆಗೆ ಮಂಗಳಾ ಕಡೆಗೂ ನೀರಿಗಿಳಿದಳು. ಕಂಬಿ ಹಿಡಿದು ಹತ್ತು ಹೆಜ್ಜೆ ನಡೆದಳು. ತಿರುಗಿ ಬಂದಳು. ಮುಖದಲ್ಲಿ ಎಷ್ಟೋ ತಿಂಗಳಿಂದ ಕಾಣದಿದ್ದ ನಗು.

"ನೋವೇ ಇಲ್ಲ ಕಣ್ರಿ!"

ಹಾಲಸ್ವಾಮಿಯ ಎದೆ ತುಂಬಿ ಬಂತು. ಅಂಗಿಯ ಗುಂಡಿ ಬಿಚ್ಚತೊಡಗಿದ. ಎರಡನೆಯ ಗುಂಡಿಗೆ ಕೈ ಹಾಕಿದಾಗ ಬಲೆಯ ಸಂದಿಯಿಂದ ಒಂದು ಕೊಡ ಒಳಗೆ ಬಂತು, ಹಿಂದೆಯೇ ಈರಕ್ಕ ಬಂದಳು.

"ಹೊಸ ಸಸಿ ಕಣಪ್ಪ, ಸಂಜೆ ನೀರು ತಪ್ಪಬಾರ್ದು. ನಂದು ನಾನೇ ಹಾಕ್ಕಂಡು ಹೋಗ್ತೀನಿ."

ನೀರು ಹಾಕಿದವಳು ಹೋಗಲಿಲ್ಲ. ಮಂಗಳಾ ನಡೆಯುವುದನ್ನು ಕಣ್ಣು ಅರಳಿಸಿ ನೋಡಿದಳು. "ನಿಜವಾಗ್ಲೂ ನೋವಾಗಲ್ವಾ? ನಂದೂ ಎರಡು ಮಂಡಿ ಹೋಗ್ಯಾವೆ ಮಂಗಳಾ, ಮೆಟ್ಲು ಹತ್ತೋವಾಗ ಜೀವ ಹೋಗ್ತದೆ."

"ಇಳಿ ಈರಕ್ಕ, ಯಾರಿಗೂ ಕಾಣಲ್ಲ," ಎಂದಳು ಮಂಗಳಾ. ಆಮೇಲೆ ಗಂಡನ ಕಡೆ ತಿರುಗಿ, "ರೀ, ನೀವು ಸ್ವಲ್ಪ ಆಚೆಗೆ ಹೋಗ್ರಿ," ಎಂದಳು.

ಹಾಲಸ್ವಾಮಿ ಗುಂಡಿ ಹಾಕಿಕೊಂಡು ಆಚೆ ಬಂದ. ಇರಲಿ, ಬೆಳಿಗ್ಗೆ ಬೇಗ ಏಳೋಣ ಎಂದುಕೊಂಡ.

ಸೋಮವಾರ ಆರಕ್ಕೆ, ಹೆಗಲ ಮೇಲೆ ಟವೆಲ್ ಹಾಕಿಕೊಂಡು ಹಿತ್ತಲಿಗೆ ಬಂದ. ಮಂಗಳಾ ಹಾಸಿಗೆಯಲ್ಲಿ ಇರಲಿಲ್ಲವೆಂಬುದು ಆಗ ಹೊಳೆಯಿತು. ಬಲೆಯ ಹೊರಗೆ ಒಂಬತ್ತು ಜೊತೆ ಹೆಂಗಸರ ಚಪ್ಪಲಿ ಸಾಲಾಗಿದ್ದವು. ಒಳಗೆ ನೀರು ಬಡಿಯುವ ಸದ್ದು, ನಗು.

"ಯಾರದು? ಗಂಡಸ್ರು ಬರಂಗಿಲ್ಲ!" ಎಂದು ಈರಕ್ಕನ ಧ್ವನಿ ಗದರಿತು.

"ನಮ್ಮೋರೇ ಈರಕ್ಕ, ಬರಲ್ಲ," ಎಂದಳು ಮಂಗಳಾ. "ರೀ, ಬೆಳಿಗ್ಗೆ ಒಂದು ಬ್ಯಾಚು, ಸಂಜೆ ಒಂದು ಬ್ಯಾಚು ಅಂತ ಮಾಡ್ಕಂಡೀವಿ. ಇಡೀ ಬೀದಿಗೇ ಮಂಡಿನೋವು ಐತೆ ಕಣ್ರಿ, ಪಾಪ! ಹೊರಗಿನ ಗಿಡಕ್ಕೆ ನೀರು ಬಿಟ್ಟು, ಹತ್ತು ಲೋಟ ಟೀ ಇಡ್ರಿ."

ಹಾಲಸ್ವಾಮಿ ಪೈಪು ಹಿಡಿದು ಬಾಗಿದ. ಕಾಂಪೌಂಡಿನ ಕಲ್ಲಿನ ಮೇಲೆ ದಯಾನಂದ ಮೇಷ್ಟ್ರು ಹೆಂಡತಿಯ ಒಣ ಸೀರೆ ತೊಡೆಯ ಮೇಲಿಟ್ಟುಕೊಂಡು ಕಾಯುತ್ತ ಕುಂತಿದ್ದರು. ತಮ್ಮ ನುಗ್ಗೆಗೆ ಇನ್ನಷ್ಟು ನೀರು ಬಿಡುವಂತೆ ಸನ್ನೆ ಮಾಡಿ, ಮಾತಿಗೆ ಕೇಳಿದರು: "ನೀರು ಹೆಂಗೈತೆ ಹಾಲಸ್ವಾಮಿ, ತಣ್ಣಗೈತಾ?"

"ಗೊತ್ತಿಲ್ಲ ಮೇಷ್ಟ್ರೇ," ಎಂದ ಹಾಲಸ್ವಾಮಿ. "ನಾನಿನ್ನೂ ಮುಟ್ಟಿಲ್ಲ."