ಬೆಲ್ಲದ ಸಮುದ್ರ

ತಪ್ಪು ಮಾಡಿದವನೇ ಸಾಕ್ಷಿಯೂ ಆಗಿದ್ದರೆ, ಎಲ್ಲಿ ನಿಂತಿದ್ದೆ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ತೊಂಬತ್ತರ ದಶಕದ ನಡುವಿನ ಒಂದು ವರ್ಷ, ಸಂಕ್ರಾಂತಿಗೆ ಇನ್ನೆರಡು ದಿನವಿದ್ದಾಗ, ಸಂಜೆ ಐದೂಕಾಲಿಗೆ ನಾನು ಗುಂಡ್ಲುಪೇಟೆಯ ನಮ್ಮ ಬಾಡಿಗೆ ಮನೆಯ ಅಡುಗೆಮನೆಯಲ್ಲಿ ನಿಂತಿದ್ದೆ. ಎಡಕ್ಕೆ ಒಲೆ. ಬಲಕ್ಕೆ, ಒಂದು ಮೊಳದಾಚೆ, ಬಿಳಿ ಪಂಚೆಯ ಮೇಲೆ ಸಕ್ಕರೆ ಅಚ್ಚುಗಳು ಆರುತ್ತಿದ್ದವು. ಮುಂದೆ ನಡೆದದ್ದಕ್ಕೆಲ್ಲ ಆ ಒಂದು ಮೊಳವೇ ಕಾರಣ. ಎರಡು ಮೊಳವಿದ್ದಿದ್ದರೆ ನಾನು ಈ ಪ್ರಬಂಧ ಬರೆಯಬೇಕಾಗಿರಲಿಲ್ಲ.

ಅಚ್ಚುಗಳು ನಮಗಾಗಿ ಮಾಡಿದವಲ್ಲ. ನನ್ನ ಹೆಂಡತಿ ಮಹದೇವಮ್ಮನ ತಂಗಿ ನಾಗಮಣಿಯನ್ನು ಚಾಮರಾಜನಗರಕ್ಕೆ ಕೊಟ್ಟು ಏಳು ತಿಂಗಳಾಗಿತ್ತು. ಮದುವೆಯ ನಂತರದ ಮೊದಲ ಸಂಕ್ರಾಂತಿಗೆ ತವರಿನ ಅಚ್ಚು ಹೋಗಬೇಕು. ತಾಯಿ ಇಲ್ಲವಾದ್ದರಿಂದ ಆ ಕೆಲಸ ಅಕ್ಕನದು. ಪಾಕಕ್ಕೆ ಹಾಲು ಹಾಕಿ ಕೊಳೆ ತೆಗೆದು, ತೆಳುಬಟ್ಟೆಯಲ್ಲಿ ಸೋಸಿ, ಮರದ ಅಚ್ಚಿಗೆ ಹೊಯ್ದು, ಗಿಣಿ, ಆನೆ, ತುಳಸಿಕಟ್ಟೆಗಳನ್ನು ಅವಳು ಎರಡು ದಿನದಿಂದ ಎಬ್ಬಿಸುತ್ತಿದ್ದಳು. ಅಚ್ಚು ಎಷ್ಟು ಬೆಳ್ಳಗಿದ್ದರೆ ತವರಿಗೆ ಅಷ್ಟು ಮರ್ಯಾದೆ. ಅವುಗಳನ್ನು ಬೆಳಗಿನ ಬಸ್ಸಿಗೆ ಒಯ್ಯಲು ಮಾವ ಸಿದ್ದಪ್ಪನವರು ಬಂದು ಜಗುಲಿಯ ಮೇಲೆ ಕೂತಿದ್ದರು. ಅವರು ಚಾಮರಾಜನಗರದ ಕಡೆ ಕರಿಕಲ್ಲಿನ ಗಣಿಯಲ್ಲಿ ಮೇಸ್ತ್ರಿ.

ನಾನು ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ಹಿಂದಿನ ವಾರ ತರಗತಿಯಲ್ಲಿ, ಚಂದ್ರನ ಮೇಲೆ ನಮಗೆ ಮೊಲದಂತೆ ಕಾಣುವ ಕಪ್ಪು ಬಯಲುಗಳಿಗೆ ಹಿಂದಿನವರು ಸಮುದ್ರ ಎಂದು ಹೆಸರಿಟ್ಟರು ಎಂದಿದ್ದೆ. ನೀರಿಲ್ಲ ಎಂದೂ ಹೇಳಿದ್ದೆ. ಹೇಳಿದ ನೆನಪು ನನಗಿದೆ. ಆದರೂ ಮಾರನೆಯ ದಿನ ಆ ಸಮುದ್ರದಲ್ಲಿ ಏನಿದೆ ಎಂದು ಕೇಳಿದರೆ ಮಕ್ಕಳು ಒಕ್ಕೊರಲಿನಿಂದ, "ಮೀನು, ಸಾ!" ಎಂದರು. ಸಮುದ್ರ ಎಂಬ ಪದ ಕಿವಿಗೆ ಬಿದ್ದಮೇಲೆ ಉಳಿದ ಪಾಠವೆಲ್ಲ ಮುಳುಗಿಹೋಗಿತ್ತು. ಆದ್ದರಿಂದ ಮಾಡಿಯೇ ತೋರಿಸಬೇಕೆಂದು ಹೊರಟೆ. ತಾಂಬಾಳದಲ್ಲಿ ಅಕ್ಕಿ ಹಿಟ್ಟು ಹರಡಿದರೆ ಚಂದ್ರನ ಹಳೆಯ, ಬಿಳಿಚಿದ ನೆಲ. ಮೇಲಿಂದ ಗುಂಡುಕಲ್ಲು ಬಿಟ್ಟರೆ ಹಳ್ಳ. ಹಳ್ಳಕ್ಕೆ ಬೆಲ್ಲದ ಪಾಕ ಹೊಯ್ದರೆ ಕಪ್ಪು ಬಯಲು. ಇಲ್ಲಿ ಕ್ರಮ ಮುಖ್ಯ. ಆಕಾಶದಿಂದ ದೊಡ್ಡ ಬಂಡೆ ಬಂದು ಹೊಡೆದದ್ದು ಒಂದು ಕಾಲದಲ್ಲಿ; ಕೆಳಗೆ ಕರಗಿದ್ದ ಕಲ್ಲು ಬಿರುಕಿನಲ್ಲಿ ಏರಿ ಬಂದು ಆ ಹಳ್ಳ ತುಂಬಿ ಹೆಪ್ಪುಗಟ್ಟಿದ್ದು ಎಷ್ಟೋ ಕೋಟಿ ವರ್ಷಗಳ ಮೇಲೆ.

ಮಹದೇವಮ್ಮ ಹಿತ್ತಿಲ ನಲ್ಲಿಯಲ್ಲಿ ಮರದ ಅಚ್ಚು ತೊಳೆಯುತ್ತಿದ್ದಳು. ನಾನು ಕಲ್ಲು ಬಿಟ್ಟೆ, ಪಾಕ ಹೊಯ್ದೆ. ಸಮುದ್ರ ಚಿಕ್ಕದಾಯಿತು ಎನ್ನಿಸಿತು. ಹಳ್ಳ ಇನ್ನಷ್ಟು ಅಗಲವಾಗಲೆಂದು, ಪಾಕ ಬಿಸಿಯಿರುವಾಗಲೇ, ಎದೆಯ ಎತ್ತರದಿಂದ ಇನ್ನೊಮ್ಮೆ ಕಲ್ಲು ಬಿಟ್ಟೆ. ಕ್ರಮ ತಪ್ಪಿದ್ದು ಇಲ್ಲಿ. ಬೆಲ್ಲ ಎದ್ದಿತು. ಅದು ಗಾಳಿಯಲ್ಲಿದ್ದ ಕ್ಷಣವನ್ನು ನಾನು ಪೂರ್ತಿಯಾಗಿ ನೋಡಿದ್ದೇನೆ. ಆಮೇಲೆ ಬಲಕ್ಕೆ ತಿರುಗಿದೆ. ಬಿಳಿ ಗಿಣಿ ಇರಲಿಲ್ಲ, ಬಿಳಿ ಆನೆ ಇರಲಿಲ್ಲ. ಒಂದೊಂದು ಅಚ್ಚಿನ ಮೇಲೂ ಮೊಲ ಕೂತಿತ್ತು.

ಸದ್ದಿಗೆ ಮಾವ ಬಾಗಿಲಿಗೆ ಬಂದರು. "ಯಾನ ಮೇಷ್ಟ್ರೇ ಇದು?"

"ಚಂದ್ರ," ಎಂದೆ. ತಡವರಿಸುತ್ತ ಪಾಠವನ್ನೂ ಒಪ್ಪಿಸಿದೆ.

ಅವರು ಬಗ್ಗಿ ನೋಡಿದರು. "ಅಯ್ಯೋ, ನಮ್ ಗಣೀಲೂ ಇದೇ ಕತ ಕಣ್ರೀ. ಬೆಳಿಕಲ್ಲು ಮೊದ್ಲಿಂದ್ಲೂ ಇರದು. ಕರಿಕಲ್ಲು ಆಮೇಲೆ ಕೆಳಗಿಂದ ನುಗ್ಗಿ ಬಂದು ಸಂದೀಲಿ ಕುಂತ್ಕಂಡದ. ಇದ್ಕ ಬೆಲ್ಲ ಯಾಕ? ನನ್ನ ಕೇಳಿದ್ರೆ ಒಂದ್ ಚೂರು ಕಲ್ಲು ತಂದ್ಕೊಡ್ತಿರ್ನಿಲ್ವಾ?"

ಮಹದೇವಮ್ಮ ಒಳಗೆ ಬಂದಳು. ಪಂಚೆ ನೋಡಿದಳು, ನನ್ನನ್ನು ನೋಡಿದಳು. "ನಾಗು ಅವ್ಳ ಅತ್ತೆ ಮುಂದ ತಲ ಎತ್ತದು ಎಂಗಪ್ಪಾ?" ಎಂದು ತಂದೆಯನ್ನು ಕೇಳಿದಳು. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಮತ್ತೆ ಪಾಕವಿಡಲು ಹೊತ್ತಿರಲಿಲ್ಲ. ದಬ್ಬಣ ತೆಗೆದುಕೊಂಡು ಕಲೆಗಳನ್ನು ಒಂದೊಂದಾಗಿ ಕೆರೆದಳು. ಕಲೆ ಹೋಯಿತು, ಹಳ್ಳ ಉಳಿಯಿತು. ಒಂದು ಆನೆ ಮಾತ್ರ ಕೆರೆಯುವಾಗ ಸೊಂಡಿಲು ಮುರಿದುಕೊಂಡು ನನ್ನ ಪಾಲಿಗೆ ಬಂತು.

ಚಾಮರಾಜನಗರದಲ್ಲಿ ನಾಗಮಣಿಯ ಅತ್ತೆ ಗಿಣಿಯನ್ನು ಬೆಳಕಿಗೆ ಹಿಡಿದು, "ಯಾನ ಬೀಗ್ರೇ, ಗಿಣೀಗ ಸಿಡುಬಾ?" ಎಂದರಂತೆ. "ನಮ್ ಅಳಿಯಂದ್ರು ಮೇಷ್ಟ್ರು ಕಣವ್ವಾ, ಚಂದ್ರನ್ನ ಮಾಡವ್ರ," ಎಂದು ಮಾವ ಇದ್ದದ್ದನ್ನೇ ಹೇಳಿದರಂತೆ. ಆಕೆ ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ಮರ್ಯಾದೆಯೇನೋ ಉಳಿಯಿತು. ಆದರೆ ಆ ಬೀದಿಯಲ್ಲಿ ನಾಗಮಣಿಗೆ "ತೂತಚ್ಚಿನ ಸೊಸೆ" ಎಂಬ ಹೆಸರು ಬಿತ್ತು, ಇವತ್ತಿಗೂ ಹೋಗಿಲ್ಲ. ನಾನು ಸೊಂಡಿಲಿಲ್ಲದ ಆನೆಯನ್ನು ತರಗತಿಗೆ ಒಯ್ದು, ಇಡೀ ಕತೆ ಹೇಳಿ, ಕಡೆಗೆ ಕೇಳಿದೆ: ಚಂದ್ರನ ಸಮುದ್ರದಲ್ಲಿ ಏನಿದೆ?

"ಬೆಲ್ಲ, ಸಾ!"

ಮಹದೇವಮ್ಮ ಏನೂ ಅನ್ನಲಿಲ್ಲವಲ್ಲ ಎಂದು ಸಮಾಧಾನದಿಂದಿದ್ದೆ. ಪಾಠ ಮಾಡುವವನಿಗೆ ತಾನು ಮಾಡಿದ ಪಾಠ ಅರ್ಥವಾಗಿರಬೇಕೆಂದೇನಿಲ್ಲ. ಎಂಟು ವರ್ಷದ ಮೇಲೆ, ನಾನು ಛತ್ರಿ ಮರೆತು ಬಂದ ಒಂದು ದಿನ, ಅವಳ ಬಾಯಲ್ಲಿ ಆ ಬೆಲ್ಲ ಕೆಳಗಿನಿಂದ ಏರಿ ಬಂತು. ಅಂದಿನಿಂದ ಆಗಾಗ ಬರುತ್ತಿದೆ. ಚಂದ್ರನ ಕಪ್ಪು ಬಯಲುಗಳು ಹೆಚ್ಚಾಗಿ ನಮಗೆ ಕಾಣುವ ಮುಖದಲ್ಲೇ ಇವೆ, ಈ ಕಡೆ ನೆಲದ ಸಿಪ್ಪೆ ತೆಳುವಂತೆ. ನಮ್ಮ ಮನೆಯಲ್ಲೂ ಅಷ್ಟೇ, ಬೆಲ್ಲ ಏರುವುದು ನನಗೆ ಕಾಣುವ ಮುಖದಲ್ಲಿ ಮಾತ್ರ; ನೆರೆಯವರು ಈಗಲೂ ಅವಳನ್ನು ತಣ್ಣನೆಯ ಸ್ವಭಾವದ ಹೆಂಗಸು ಎನ್ನುತ್ತಾರೆ.

ಆ ಸಂಜೆ ಅಡುಗೆಮನೆಯಲ್ಲಿ ಆ ಬೆಲ್ಲದ ಕಲೆ ಕಂಡವರು ಮೂವರು. ಮಾವ ತೀರಿಕೊಂಡರು. ನಾನಿದ್ದೇನೆ, ಆದರೆ ನನ್ನ ಸಾಕ್ಷಿಗೆ ಮನೆಯಲ್ಲಿ ಬೆಲೆಯಿಲ್ಲ. ಉಳಿದವಳು ಮಹದೇವಮ್ಮ. ಆರೋಗ್ಯವಾಗಿದ್ದಾಳೆ. ನೆನಪೂ ಚೆನ್ನಾಗಿದೆ.