ದಪ್ಪ ಅಕ್ಷರದಲ್ಲಿ ನನ್ನ ಹೆಸರು

ವಯಸ್ಸಾದಂತೆ ಆಸೆ ಕಡಿಮೆಯಾಗುತ್ತದೆ ಎಂದು ಹೇಳುವವರು ಇನ್ನೂ ಚಿಕ್ಕ ವಯಸ್ಸಿನವರಿರಬೇಕು. ನನಗಂತೂ ಒಂದೊಂದು ಹಲ್ಲು ಉದುರಿದಾಗಲೂ ಒಂದೊಂದು ಹೊಸ ಆಸೆ ಮೊಳೆಯುತ್ತದೆ. ಅವುಗಳಲ್ಲಿ ಒಂದು ಮಾತ್ರ ಮದುವೆಯ ದಿನದಿಂದಲೂ ಹಾಗೇ ಉಳಿದಿದೆ: ಹೆಂಡತಿಯ ಬಾಯಲ್ಲಿ ನನ್ನ ಹೆಸರು ಒಂದೇ ಒಂದು ಸಲ ಕೇಳಬೇಕು. ನಮ್ಮ ಕಡೆ ಹಳೇ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ನಾನೋ ಮಾದಪ್ಪ, ಬೆಟ್ಟದ ದೇವರ ಹೆಸರೂ ಅದೇ. ಬೆಟ್ಟಕ್ಕೆ ಹೋದಾಗ ಜನರೆಲ್ಲ "ಉಘೇ ಮಾದಪ್ಪ" ಎಂದು ಕೂಗಿದರೆ ಇವಳು "ಉಘೇ" ಎಂದಷ್ಟೇ ಕೂಗಿ ಉಳಿದದ್ದನ್ನು ನುಂಗಿಬಿಡುತ್ತಾಳೆ. ದೇವರಿಗೆ ಆ ಅರ್ಧ ಕೂಗಾದರೂ ಸಿಕ್ಕಿದೆ. ನನಗೆ ಅದೂ ಇಲ್ಲ.

ಈ ಹಳೇ ಆಸೆಯನ್ನು ಮತ್ತೆ ಕೆದಕಿದವಳು ಮೊಮ್ಮಗಳು ರಶ್ಮಿ. ವೀರನಹೊಸಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಹುಣಸೂರಿಗೆ ಹೋಗಿ ಬೋರ್ಡು ಮಾಡುವ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಬಣ್ಣ ಬಳಿಯುವ ಬೋರ್ಡಲ್ಲ. ಗೋಡೆಯಿಂದ ಎದ್ದು ನಿಲ್ಲುತ್ತವಲ್ಲ, ಆ ದಪ್ಪ ಅಕ್ಷರಗಳದ್ದು. ಅವನ್ನು ಕಂಪ್ಯೂಟರಿನೊಳಗೆ ಹುಟ್ಟಿಸುವವಳು ನನ್ನ ಮೊಮ್ಮಗಳು! ಇದನ್ನು ಬಸ್ಸಿನ ಕಂಡಕ್ಟರಿಗೂ ಹೇಳಿದ್ದೇನೆ. ಎರಡನೇ ಸಲ ಹೇಳಲು ಹೊರಟಾಗ ಅವನು ಸೀಟಿ ಊದಿದ. ಪಾಪ, ಅವನಿಗಿನ್ನೂ ಮೊಮ್ಮಕ್ಕಳಿಲ್ಲ.

ಒಂದು ಭಾನುವಾರ ಲ್ಯಾಪ್‌ಟಾಪು ಮನೆಗೇ ತಂದು ತೋರಿಸಿದಳು. ಮೊದಲು ಅಕ್ಷರ ರೊಟ್ಟಿಯಂತೆ ಚಪ್ಪಟೆ. ಮೌಸು ಹಿಡಿದು ಎಳೆದಳು, ಇಟ್ಟಿಗೆಯಷ್ಟು ದಪ್ಪವಾಯಿತು. ಅಂಚು ನಯ ಮಾಡಿದಳು, ಒಂದು ಕಡೆಯಿಂದ ಬೆಳಕು ಬಿಟ್ಟಳು, ನೆರಳೂ ಬಿತ್ತು. ಸಂತೆಯಲ್ಲಾದರೆ ದನದ ಸುತ್ತ ನಾವೇ ತಿರುಗಿ ನೋಡಬೇಕು. ಇಲ್ಲಿ ಅಕ್ಷರವೇ ತಿರುಗಿ ತಿರುಗಿ ಮೈ ತೋರಿಸಿತು. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟ ನನಗೆ ಅಕ್ಷರಕ್ಕೂ ಬೆನ್ನಿದೆ ಎಂದು ಗೊತ್ತಾದದ್ದು ಅವತ್ತೇ.

ಹೆಂಡತಿಗೆ ಕಣ್ಣು ಮಂಜು. ತೆರೆಯ ಮೇಲೆ ಕೈಯಾಡಿಸಿ, "ಬರೀ ಗಾಜು ಕಣವ್ವ, ಕೈಗೇನೂ ಸಿಕ್ಕಾಕಿಲ್ಲ" ಎಂದಳು.

"ಅಂಗಡೀಲಿ ಮಿಷನ್ನೈತೆ ಅಜ್ಜಿ, ಮಾಡಿಸ್ಕೊಂಡು ಬತ್ತೀನಿ. ಯಾರ ಹೆಸ್ರು ಬೇಕು?"

"ಮನೆ ಮುಂದಕ್ಕೆ ಆಕದಾದ್ರೆ ನಿಮ್ ತಾತಂದೇ ಮಾಡು."

"ತಾತನ್ ಹೆಸ್ರೇನು?"

"ಗೊತ್ತಿದ್ದೂ ಕೇಳ್ತೀಯಾ, ಕಳ್ಳಿ!"

ಆಗ ನನಗೆ ಹೊಳೆಯಿತು. ಇವಳೂ ಎರಡನೇ ಕ್ಲಾಸಿನವರೆಗೆ ಕಲಿತವಳು, ಅಕ್ಷರ ಸಿಕ್ಕರೆ ಗಟ್ಟಿಯಾಗಿ ಓದದೆ ಬಿಡುವವಳಲ್ಲ. ಮುಟ್ಟಿ ಮುಟ್ಟಿ ಓದಿದರೆ ಅವಳು ಹೆಸರು ಹೇಳಿದ ಹಾಗೂ ಆಗಲಿಲ್ಲ, ನನಗೆ ಕೇಳಿಸಿದ ಹಾಗೂ ಆಯಿತು! ಆ ವಾರವೆಲ್ಲ ಸಂಜೆ ಬಸ್ಸು ಬರುವ ಹೊತ್ತಿಗೆ ನಾನು ಬಾಗಿಲಲ್ಲೇ ಕಾದು ನಿಂತೆ.

ಶನಿವಾರ ಸಂಜೆ ಅಕ್ಷರಗಳು ಬಂದವು. ಮಿಷನ್ನು ಶಾವಿಗೆಯಂಥ ಪ್ಲಾಸ್ಟಿಕ್ ಎಳೆಯನ್ನು ಒಂದರ ಮೇಲೊಂದು ಹಾಸಿ ಕಟ್ಟಿತ್ತಂತೆ. ಹೆಂಡತಿ ಮಡಿಲಲ್ಲಿಟ್ಟುಕೊಂಡು ಬೆರಳಾಡಿಸಿದಳು. "ಮಾ..." ಎಂದಳು. ನಾನು ಕಂಬ ಹಿಡಿದುಕೊಂಡೆ. "ದ..." ಎಂದಳು. ಬಾಯಲ್ಲಿದ್ದ ಎಲೆ ಅಡಿಕೆ ಅಗಿಯುವುದನ್ನೇ ಮರೆತೆ. ಕೊನೆಯದನ್ನು ಎತ್ತಿಕೊಂಡು ಅದರ ಮುಂದೆ, ಹಿಂದೆ, ಅಡಿಯಲ್ಲಿ ಜೋತುಬಿದ್ದ ಒತ್ತಕ್ಷರ, ಎಲ್ಲವನ್ನೂ ಸವರಿದಳು. ನಿಧಾನವಾಗಿ ನಕ್ಕಳು.

"ಚೆಂದಾಗೈತೆ ಕಣವ್ವ, ಗಟ್ಟಿಯಾಗೈತೆ" ಎಂದು ಸೆರಗಿನಲ್ಲಿ ಒರೆಸಿ ಕೆಳಗಿಟ್ಟಳು.

"ಓದು ಅಜ್ಜಿ!"

"ಓದಿದ್ದಾಯ್ತು, ಒಳಗೇ."

ನನಗೆ ಸಿಟ್ಟು ಬಂತು. "ಅಲ್ಲ ಕಣೇ, ಇನ್ನೊಂದಕ್ಷರ ಬಾಯಿಂದ ಬಂದಿದ್ರೆ ನಿನ್ ಗಂಟೇನ್ ಓಗ್ತಿತ್ತು?"

ರಶ್ಮಿ ನಗುತ್ತ ಲ್ಯಾಪ್‌ಟಾಪು ತೆರೆದಳು. "ಬುಡು ತಾತ. ಪಕ್ಕದಲ್ಲಿ ಅಜ್ಜಿ ಹೆಸ್ರೂ ಮಾಡ್ತೀನಿ. ನೀನೇ ಬಾಯ್ಬಿಟ್ಟು ಹೇಳು, ನಾನು ಅಕ್ಷರ ಹೊಡೀತೀನಿ."

ಅಡುಗೆಮನೆಗೆ ಹೊರಟಿದ್ದ ಹೆಂಡತಿ ಬಾಗಿಲಲ್ಲೇ ನಿಂತಳು. ನನ್ನ ದನಿ ಬಂದ ಕಡೆಗೆ ಮುಖ ತಿರುಗಿಸಿದಳು. "ಎಸ್ರು ಏಳಿ ಮತ್ತೆ, ಮಗು ಕಾಯ್ತಾ ಅವಳೆ" ಎಂದಳು.

ಇಷ್ಟು ವರ್ಷವೂ "ಲೇ", "ಏ ಇವಳೇ", "ಕೇಳಿಸ್ತಾ" ಎಂದು ಕರೆದುಕೊಂಡು ಬಂದ ನಾಲಿಗೆ ನನ್ನದು. ಬಾಯಿ ತೆರೆದೆ. ಕಿವಿಯವರೆಗೂ ಬಿಸಿಯಾಯಿತು.

"ಅದೇ... ನಿಮ್ಮಜ್ಜಿ ಎಸ್ರು ಕಣವ್ವ" ಎಂದೆ. "ನಿಂಗೇ ಗೊತ್ತಲ್ಲ, ಹೊಡ್ಕೊ."