ಹತ್ತು ಸತ್ತ ಕಂಪ್ಯೂಟರುಗಳು ಮತ್ತು ನನ್ನ ಬಿಡುಗಡೆ

ಸರ್ಕಾರಿ ಶಾಲೆಯಲ್ಲಿ ಕುರ್ಚಿಯೊಂದರ ಕಾಲು ಮುರಿದರೆ ಅದು ಮುರಿದ ಹಾಗಲ್ಲ. ಮುರಿದಿದೆ ಎಂದು ಹೆಡ್‌ಮಾಸ್ತರು ಪತ್ರ ಬರೆಯಬೇಕು, ಹೌದು ಮುರಿದಿದೆ ಎಂದು ಮೇಲಿನವರು ಬಂದು ನೋಡಿ ಸಹಿ ಹಾಕಬೇಕು, ಆಮೇಲೆ ಡೆಡ್ ಸ್ಟಾಕ್ ರಿಜಿಸ್ಟರಿನಲ್ಲಿ ಅದರ ಮುಂದೆ ಕೆಂಪು ಶಾಯಿಯಲ್ಲಿ ‘ನಿರುಪಯುಕ್ತ’ ಎಂದು ಬೀಳಬೇಕು. ಅಲ್ಲಿಯವರೆಗೆ ಅದು ಮೂರು ಕಾಲಿನ ಮೇಲೆಯೇ ಸರ್ಕಾರದ ಸೇವೆಯಲ್ಲಿರುತ್ತದೆ. ಹೊಸದು ಬೇಕೆಂದರೆ ಹಳೆಯದು ಸತ್ತರೆ ಸಾಲದು, ಸತ್ತಿದೆ ಎಂದು ಕಾಗದದಲ್ಲಿ ಬರಬೇಕು. ಇಪ್ಪತ್ತೆರಡು ವರ್ಷ ನೌಕರಿ ಮಾಡಿದವನಿಗೆ ಇಷ್ಟು ಗೊತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ಗೊತ್ತಿತ್ತು. ಗೊತ್ತಿದ್ದೂ ಮಾಡಿದೆ.

ನಾನು ಯಲಬುರ್ಗಾ ತಾಲೂಕಿನ ಒಂದು ಪ್ರೌಢಶಾಲೆಯ ಡ್ರಾಯಿಂಗ್ ಮಾಸ್ತರ. ನಮ್ಮ ಶಾಲೆಗೆ ಹತ್ತು ಕಂಪ್ಯೂಟರುಗಳು ಬಂದು ಇಳಿದ ದಿನ ಅವುಗಳ ಚಾರ್ಜ್ ಯಾರಿಗೆ ಎಂಬ ಪ್ರಶ್ನೆ ಎದ್ದಿತು. ಗಣಿತದವರು ಪೋರ್ಷನ್ ಮುಗಿದಿಲ್ಲ ಎಂದರು, ವಿಜ್ಞಾನದವರು ತಮ್ಮ ಪ್ರಯೋಗಾಲಯದ ಕಡೆ ಕೈ ತೋರಿಸಿದರು. ಆಗ ಹೆಡ್‌ಮಾಸ್ತರು ವೀರನಗೌಡರು ನನ್ನ ಕಡೆ ತಿರುಗಿ, “ಹುಡುಗ್ರು ಕಂಪ್ಯೂಟರಿನ್ಯಾಗ ಮೊದ್ಲ ಏನ್ ಮಾಡ್ತಾರ ಹೇಳ್ರಿ? ಚಿತ್ರಾ ತೆಗೀತಾರ. ಚಿತ್ರಾ ಅಂದ್ರ ನೀವs ಅಲ್ಲೇನ್ರಿ,” ಎಂದರು. ಈ ತರ್ಕ ಉಳಿದ ಮಾಸ್ತರರಿಗೆಲ್ಲ ತಕ್ಷಣ ಒಪ್ಪಿಗೆಯಾಯಿತು. ಕೀಲಿಕೈ ಗೊಂಚಲು ನನ್ನ ಕೈಗೆ ಬಂತು.

ಅಲ್ಲಿಂದ ನನ್ನ ಬಾಳು ಬದಲಾಯಿತು. ಅದಕ್ಕೆ ಮೊದಲು ರಜೆ ಬಂದರೆ ಬಣ್ಣದ ಡಬ್ಬಿ, ಕಾಗದ ಹೊತ್ತು ಆನೆಗೊಂದಿಗೆ ಹೋಗುತ್ತಿದ್ದೆ. ಅಲ್ಲಿಯ ಬಂಡೆಗಳ ಮೇಲೆ ಮುಂಜಾನೆಯ ಬಿಸಿಲು ಬೀಳುವುದನ್ನು ಒಮ್ಮೆಯಾದರೂ ಸರಿಯಾಗಿ ಬಿಡಿಸಬೇಕೆಂಬುದು ನನ್ನ ಆಸೆ. ಚಾರ್ಜ್ ಬಂದ ಮೇಲೆ ಗುಡುಗಿದರೆ ಓಡಿ ಹೋಗಿ ಪ್ಲಗ್ ಕೀಳುವವನು ನಾನು, ಇಲಿ ವೈರು ಕಡಿದರೆ ಉತ್ತರ ಕೊಡುವವನು ನಾನು, ರಜೆಯ ದಿನ ಯಾರೋ ಎಣಿಸಲು ಬರುತ್ತಾರೆಂದರೆ ಕೀಲಿ ತೆಗೆಯುವವನೂ ನಾನೇ. ಆಯುಧ ಪೂಜೆಗೆ ನಮ್ಮ ಜವಾನ ಹುಸೇನಸಾಬ ಹತ್ತು ಯಂತ್ರಗಳನ್ನೂ ಒರೆಸಿ ಚೆಂಡುಹೂವಿನ ಮಾಲೆ ಹಾಕುತ್ತಿದ್ದ, ನಾನು ವಿಭೂತಿ ಕುಂಕುಮ ಹಚ್ಚುತ್ತಿದ್ದೆ. ಹಚ್ಚುವಾಗಲೆಲ್ಲ ಮನಸ್ಸಿನಲ್ಲಿ ಒಂದೇ ಪ್ರಾರ್ಥನೆ, ಇವುಗಳಿಂದ ನನ್ನನ್ನು ಬಿಡಿಸಪ್ಪಾ ಎಂದು.

ಪ್ರಾರ್ಥನೆ ಫಲಿಸುವ ಲಕ್ಷಣ ಹತ್ತು ವರ್ಷಗಳ ಮೇಲೆ ಕಂಡಿತು. ಯಂತ್ರಗಳು ಒಂದೊಂದಾಗಿ ಕೈಕೊಟ್ಟವು. ಕೆಲವು ಹೊತ್ತಲೇ ಇಲ್ಲ. ಹೊತ್ತಿದವು ಪರದೆಯ ಮೇಲೆ ಚಿತ್ರ ಮೂಡಿಸುವಷ್ಟರಲ್ಲಿ ಪೀರಿಯಡ್ಡಿನ ಗಂಟೆ ಬಾರಿಸುತ್ತಿತ್ತು. ವೀರನಗೌಡರು ಕೊಪ್ಪಳದ ಕಚೇರಿಗೆ ಪತ್ರದ ಮೇಲೆ ಪತ್ರ ಬರೆದರು. ಕೊನೆಗೆ ಉತ್ತರ ಬಂತು: ಸಾಹೇಬರೊಬ್ಬರು ಬಂದು ನೋಡುತ್ತಾರೆ, ಹಳೆಯವು ನಿರುಪಯುಕ್ತವೆಂದು ಖಾತ್ರಿಯಾದರೆ ಹತ್ತು ಹೊಸ ಕಂಪ್ಯೂಟರು ಕೊಡುತ್ತಾರೆ, ಅವುಗಳ ಜೊತೆಗೆ ಕಂಪ್ಯೂಟರನ್ನೇ ಕಲಿತ ಮಾಸ್ತರರೊಬ್ಬರನ್ನೂ ಕೊಡುತ್ತಾರೆ. ಆ ಕೊನೆಯ ಸಾಲನ್ನು ನಾನು ನಾಲ್ಕು ಸಲ ಓದಿದೆ. ಮನೆಗೆ ಹೋಗಿ ಬಣ್ಣದ ಡಬ್ಬಿಯ ಧೂಳು ಒರೆಸಿದೆ.

ಸುಮ್ಮನಿದ್ದಿದ್ದರೆ ಆಗಿತ್ತು. ಆದರೆ ಡ್ರಾಯಿಂಗ್ ಪರೀಕ್ಷೆಯ ಡ್ಯೂಟಿಗೆಂದು ಗಂಗಾವತಿಗೆ ಹೋದಾಗ ನನ್ನ ಹಳೆಯ ಗೆಳೆಯ ಶಂಕ್ರಪ್ಪ ಸಿಕ್ಕ. ಅಲ್ಲಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಮಾಡುವವನು. ಮಿರ್ಚಿ ಭಜಿ ತಿನ್ನುತ್ತ ನನ್ನ ಸತ್ತ ಯಂತ್ರಗಳ ಕಥೆ ಹೇಳಿದೆ. ಅವನು ನಕ್ಕು, “ಅವು ಸತ್ತಿಲ್ಲೋ ಮಾರಾಯ. ಮುದುಕರ ಮ್ಯಾಲೆ ಎರಡು ಚೀಲ ಜ್ವಾಳಾ ಹೊರಿಸಿದ್ರ ಏಳ್ತಾರೇನು? ಭಾರ ಇಳಸು, ಎದ್ದು ಅಡ್ಡಾಡ್ತಾವ,” ಎಂದ. ಯಂತ್ರ ನಡೆಸುವ ಲಿನಕ್ಸ್ ಎಂಬ ತಂತ್ರಾಂಶವಿದೆಯಂತೆ, ಅದರಲ್ಲಿ ಪಪ್ಪಿ ಎಂಬ ಒಂದು ತಳಿ ಎಷ್ಟು ಹಗುರವೆಂದರೆ ಹಾರ್ಡ್ ಡಿಸ್ಕ್ ಕೆಟ್ಟಿದ್ದರೂ ಸೀಡಿಯಿಂದಲೇ ಎದ್ದು, ಇದ್ದಷ್ಟು ಮೆಮೊರಿಯಲ್ಲಿ ಮೈ ಮುದುಡಿಕೊಂಡು ಕೆಲಸ ಮಾಡುತ್ತದಂತೆ. ದುಡ್ಡೂ ಕೊಡಬೇಕಿಲ್ಲವಂತೆ. ಅವನ ಮಾತು ಕೇಳಿ ಅಲ್ಲಿಯೇ ಒಂದು ಇಂಟರ್ನೆಟ್ ಅಂಗಡಿಯಲ್ಲಿ ಕುಳಿತೆ. ಪಪ್ಪಿ ಡೌನ್‌ಲೋಡ್ ಆಗುವಷ್ಟರಲ್ಲಿ ಎರಡು ಸಲ ಕರೆಂಟು ಹೋಯಿತು, ನನ್ನ ಕೊನೆಯ ಬಸ್ಸೂ ಹೋಯಿತು. ಮರುದಿನ ಅದನ್ನು ತುಂಬಿಸಿದ ಆರು ಸೀಡಿ ಚೀಲದಲ್ಲಿಟ್ಟುಕೊಂಡು ಊರಿಗೆ ಬಂದೆ.

ಶಂಕ್ರಪ್ಪ ಒಂದು ಉಪಾಯವನ್ನೂ ಹೇಳಿಕೊಟ್ಟಿದ್ದ. ಪೆಟ್ಟಿಗೆ ಬಿಚ್ಚಿ ಮೆಮೊರಿ ಪಟ್ಟಿಯನ್ನು ಕಿತ್ತು ಅದರ ಹಳದಿ ಅಂಚನ್ನು ರಬ್ಬರಿನಿಂದ ಮೆಲ್ಲಗೆ ಉಜ್ಜಬೇಕು, ಅರ್ಧ ರೋಗ ಅಲ್ಲಿಯೇ ಇರುತ್ತದೆ ಎಂದು. ಯಾವ ರಬ್ಬರು ಅಂದುಕೊಂಡಿರಿ? ಪೆನ್ಸಿಲ್ ಗೆರೆ ಅಳಿಸುವ ರಬ್ಬರು. ಹತ್ತು ವರ್ಷದಲ್ಲಿ ಮೊದಲ ಬಾರಿಗೆ ಆ ಕೋಣೆಯಲ್ಲಿ ನನ್ನ ವಿದ್ಯೆಗೆ ಸಂಬಂಧಿಸಿದ ಒಂದು ವಸ್ತು ಕೆಲಸಕ್ಕೆ ಬಂದಿತ್ತು. ಉಜ್ಜಿದೆ. ಒಳಗೆ ಹತ್ತು ದಸರೆಗಳ ಕುಂಕುಮ ಸಿಕ್ಕಿತು, ಅದನ್ನೂ ಬ್ರಷ್ಷಿನಿಂದ ತೆಗೆದೆ. ನಾಲ್ಕು ಯಂತ್ರಗಳ ಮೆಮೊರಿ ಕಿತ್ತು ಉಳಿದ ಆರಕ್ಕೆ ಹಾಕಿದೆ. ಮೊದಲನೆಯದಕ್ಕೆ ಸೀಡಿ ತೂರಿಸಿ ಗುಂಡಿ ಒತ್ತಿದೆ. ಕಪ್ಪು ಪರದೆಯ ಮೇಲೆ ಬಿಳಿ ಸಾಲುಗಳು ಸರಸರನೆ ಹರಿದವು, ನೀಲಿ ಬಣ್ಣ ಬಂತು, ಆಮೇಲೆ ಸ್ಪೀಕರಿನಿಂದ ನಾಯಿಯೊಂದು ಎರಡು ಸಲ ಬೊಗಳಿತು. ಅದು ಹಾಗೆಯೇ ಅಂತೆ, ಎದ್ದ ಗುರುತಿಗೆ ಬೊಗಳುತ್ತದಂತೆ. ಶಂಕ್ರಪ್ಪ ಅದೊಂದನ್ನು ಹೇಳಿರಲಿಲ್ಲ. ಹೊರಗಿದ್ದ ಹುಸೇನಸಾಬ ಬಡಿಗೆ ಹಿಡಿದು ಒಳಗೆ ಬಂದು ಮೇಜಿನ ಕೆಳಗೆಲ್ಲ ಹುಡುಕಿ, “ಎಲ್ಲೈತ್ರಿ ಸರ ಅದು?” ಎಂದ. ನಾನು ಪರದೆಯ ಕಡೆ ಬೆರಳು ತೋರಿಸಿದೆ. ಅವನು ಪರದೆಯ ಹಿಂದೆಯೂ ಒಮ್ಮೆ ಬಗ್ಗಿ ನೋಡಿ, ಬಡಿಗೆಯನ್ನು ಕೈಯಲ್ಲಿ ಹಿಡಿದುಕೊಂಡೇ ಹೊರಗೆ ಹೋದ.

ನನಗಾದ ಸಂತೋಷವನ್ನು ಮುಚ್ಚಿಡುವುದಿಲ್ಲ. ಒಂದು ವಾರದಲ್ಲಿ ಆರೂ ಎದ್ದವು. ಒಂಬತ್ತನೇ ಇಯತ್ತೆಯ ಹುಡುಗಿಯರು ಒಂದೊಂದಕ್ಕೆ ಐದೈದು ಜನ ಮುತ್ತಿಕೊಂಡು ಮಾವಿನಕಾಯಿ, ನವಿಲು, ಹೆಡ್‌ಮಾಸ್ತರರ ಮೀಸೆ ಎಲ್ಲವನ್ನೂ ಬಿಡಿಸಿದರು. ಮೀಸೆಯ ಸುದ್ದಿ ಕೇಳಿ ವೀರನಗೌಡರೇ ಬಂದರು. ಮೊದಲು ಖುಷಿಪಟ್ಟರು. ಆಮೇಲೆ ಏನೋ ಹೊಳೆದು ಅವರ ಮುಖ ಇಳಿಯಿತು. ನನ್ನನ್ನು ಬದಿಗೆ ಕರೆದು, “ಮಾಸ್ತರ, ಇವು ನಡೀತಾವ ಅಂದ್ರ ಹೊಸಾವು ಹೆಂಗ ಬರ್ತಾವ್ರಿ? ಸಾಹೇಬ್ರು ಬರೂ ದಿನಾ ಇವು ಸತ್ತಿರಬೇಕು ನೋಡ್ರಿ. ಆಮ್ಯಾಲೆ ಬೇಕಾದ್ರ ಎಬ್ಬಸ್ರಿ,” ಎಂದರು. ನಾನು ಒಪ್ಪಿದೆ. ಹೊಸ ಮಾಸ್ತರ ಬರುವುದು ಅವರಿಗಿಂತ ನನಗೆ ಹೆಚ್ಚು ಬೇಕಾಗಿತ್ತು.

ಸಾಹೇಬರು ಬರುವ ದಿನ ಸೀಡಿಗಳನ್ನು ತೆಗೆದು ಕಪಾಟಿನಲ್ಲಿಟ್ಟು ಕೀಲಿ ಹಾಕಿದೆ. ಮೊದಲ ಯಂತ್ರದ ಸೀಡಿ ತಟ್ಟೆ ಮಾತ್ರ ಹಟ ಹಿಡಿದು ಹೊರಗೆ ಬರಲಿಲ್ಲ, ಸೀಡಿ ಒಳಗೇ ಉಳಿಯಿತು. ಹಾಳಾಗಲಿ, ಯಾರು ಗುಂಡಿ ಒತ್ತುತ್ತಾರೆ ಎಂದು ಬಟ್ಟೆ ಹೊದಿಸಿದೆ. ಹೊಸ ಧೂಳು ಬೇಕೆಂದು ಹುಸೇನಸಾಬ ಎರಡು ದಿನ ಕಸವನ್ನೇ ಹೊಡೆದಿರಲಿಲ್ಲ. ಒಟ್ಟಿನಲ್ಲಿ ಸೂತಕದ ಮನೆಯ ಎಲ್ಲ ಲಕ್ಷಣ ಇತ್ತು.

ಸಾಹೇಬರು ಬಂದರು, ಕರ್ಚೀಪು ಮೂಗಿಗೆ ಹಿಡಿದು ಒಂದು ಬಟ್ಟೆ ಎತ್ತಿ ನೋಡಿದರು. “ಇವೆಲ್ಲಾ ಗುಜರಿ ಮಾಲ್ರಿ,” ಎಂದು ಫೈಲು ಬಿಚ್ಚಿ ಪೆನ್ನು ತೆಗೆದರು. ವೀರನಗೌಡರು ದುಃಖದಿಂದ ತಲೆಯಾಡಿಸಿದರು. ನನ್ನ ಬಿಡುಗಡೆಗೆ ಇನ್ನು ಒಂದು ಸಹಿ ಬಾಕಿ. ಅಷ್ಟರಲ್ಲಿ ಸಾಹೇಬರು ತಲೆ ಎತ್ತದೆಯೇ, “ಚಾರ್ಜ್ ಯಾರ ಹತ್ರ ಇತ್ತು?” ಎಂದರು.

“ನನ್ನ ಹತ್ರ ರೀ,” ಎಂದೆ.

“ಯಾವ ಸಬ್ಜೆಕ್ಟು?”

“ಡ್ರಾಯಿಂಗ್ ರೀ.”

“ಅದಕ್ಕs ಮತ್ತ,” ಎಂದರು ಸಾಹೇಬರು. “ಡ್ರಾಯಿಂಗ್ ಮಾಸ್ತರ್ ಕೈಯಾಗ ಕೊಟ್ರ ಇನ್ನೇನಾಗ್ತಾವ್ರಿ.”

ಅವರು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಪೆನ್ನಿನ ಟೊಪ್ಪಿ ತೆಗೆಯುತ್ತ ಆಡಿದ ಮಾತು. ಆದರೆ ಇಪ್ಪತ್ತೆರಡು ವರ್ಷಗಳಿಂದ ಇದೇ ಮಾತನ್ನು ಬೇರೆ ಬೇರೆ ರೂಪದಲ್ಲಿ ಕೇಳಿದ್ದೆ. ಯಾರಾದರೂ ರಜೆ ಹಾಕಿದರೆ ಅವರ ಕ್ಲಾಸಿಗೆ ಡ್ರಾಯಿಂಗ್ ಮಾಸ್ತರ, ಗಣಿತದ ಪೋರ್ಷನ್ ಉಳಿದರೆ ಡ್ರಾಯಿಂಗ್ ಪೀರಿಯಡ್ಡೇ ಅವರಿಗೆ. ನನ್ನ ಕೈ ತಾನಾಗಿಯೇ ಮುಂದೆ ಹೋಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ನಾನೇ ಒಯ್ದೆ. ಮೊದಲ ಯಂತ್ರದ ಬಟ್ಟೆ ಸರಿಸಿ ಗುಂಡಿ ಒತ್ತಿದೆ. ವೀರನಗೌಡರು ಹಿಂದಿನಿಂದ ನನ್ನ ಅಂಗಿ ಹಿಡಿದು ಜಗ್ಗಿದರು. ಸಾಲುಗಳು ಹರಿದವು, ನೀಲಿ ಬಂತು, ನಾಯಿ ಎರಡು ಸಲ ಬೊಗಳಿತು. ಸಾಹೇಬರು ಎರಡು ಹೆಜ್ಜೆ ಹಿಂದೆ ಸರಿದರು.

ಆಮೇಲೆ ಅವರು ಮುಂದೆ ಬಂದು ಕುರ್ಚಿ ಎಳೆದುಕೊಂಡು ಕೂತರು. ಮೌಸ್ ಹಿಡಿದು ಒಂದು ಗುಡಿಸಲು ಬಿಡಿಸಿದರು, ಪಕ್ಕದಲ್ಲಿ ತೆಂಗಿನ ಮರ ಬಿಡಿಸಿದರು, ಸೂರ್ಯ ಎಲ್ಲಿರಬೇಕೆಂದು ನನ್ನನ್ನು ಕೇಳಿದರು. ಉಳಿದವೂ ನಡೆಯುತ್ತವೆಯೇ ಎಂದಾಗ ನಾನು ಕಪಾಟಿನ ಕೀಲಿ ತೆಗೆದು, ಸೀಡಿ ಹಾಕಿ ಇನ್ನೈದನ್ನೂ ಎಬ್ಬಿಸಿದೆ. ಅಷ್ಟು ದೂರ ಬಂದ ಮೇಲೆ ಹಿಂದೆ ಸರಿಯುವ ಬುದ್ಧಿ ನನಗಿರಲಿಲ್ಲ. ಸಾಹೇಬರು ಹೋಗುವಾಗ ನನ್ನ ಬೆನ್ನು ತಟ್ಟಿ, “ಭಾಳ ಛಲೋ ಮಾಡೀರಿ ಮಾಸ್ತರ,” ಎಂದರು. ವೀರನಗೌಡರು ಅವರನ್ನು ಜೀಪಿನ ತನಕ ಕಳಿಸಿ ಬಂದು ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ.

ಹದಿನೈದು ದಿನಕ್ಕೆ ಕಾಗದ ಬಂತು. ಹೊಸ ಕಂಪ್ಯೂಟರುಗಳು ಹಿಟ್ನಾಳದ ಆಚೆಯ ಯಾವುದೋ ಶಾಲೆಗೆ ಹೋದವು. ವೀರನಗೌಡರು ನನ್ನನ್ನು ಕರೆಸಿ ಕಾಗದವನ್ನು ಗಟ್ಟಿಯಾಗಿ ಓದಿದರು. “ಕಾಲಂ ಒಂದು, ಯಂತ್ರಗಳ ಸ್ಥಿತಿ: ಸುಸ್ಥಿತಿಯಲ್ಲಿವೆ. ಕಾಲಂ ಎರಡು, ಕಂಪ್ಯೂಟರ್ ಶಿಕ್ಷಕರ ಅಗತ್ಯ: ಇಲ್ಲ. ಹಾಲಿ ಚಿತ್ರಕಲಾ ಶಿಕ್ಷಕರೇ ಅತ್ಯಂತ ಸಮರ್ಥರಿದ್ದು, ಅವರನ್ನೇ ಮುಂದುವರಿಸುವುದು.” ಕನ್ನಡಕ ತೆಗೆದು ನನ್ನ ಮುಖ ನೋಡಿದರು. “ನಿವೃತ್ತಿ ತನಕಾ ಚಿಂತಿಲ್ಲ ಬಿಡ್ರಿ ನಿಮಗ,” ಎಂದರು.

ಮನೆಗೆ ಬಂದು ಹೆಂಡತಿಗೆ ಹೇಳಿದೆ. “ಹಂಗಾರ ಇನ್ನ ಆನೆಗೊಂದಿ ಇಲ್ಲನ್ರಿ,” ಎಂದಳು. ಇಲ್ಲ ಎಂದೆ. ನಿಜವಾಗಿಯೂ ಬೇಸರವಾಗಿತ್ತು, ಆ ಬಂಡೆಗಳು ಕಣ್ಣ ಮುಂದೆ ಬಂದವು. ಅದೆಲ್ಲ ಸರಿ. ಆದರೆ ಆ ದಿನ ಸಂಜೆ ಬಸ್ ಸ್ಟ್ಯಾಂಡಿನ ಹತ್ತಿರದ ಅಂಗಡಿಯಲ್ಲಿ ನಾನು ಆ ಕಾಗದದ ಮೂರು ಝೆರಾಕ್ಸ್ ಮಾಡಿಸಿದ್ದನ್ನು ಅವಳಿಗೆ ಹೇಳಲಿಲ್ಲ, ‘ಅತ್ಯಂತ ಸಮರ್ಥರು’ ಎಂಬಲ್ಲಿ ಶಾಯಿ ತುಸು ಮಸುಕಾಗಿದೆ ಎಂದು ಅಂಗಡಿಯವನಿಂದ ನಾಲ್ಕನೆಯದನ್ನು ತೆಗೆಸಿದ್ದನ್ನೂ ಹೇಳಲಿಲ್ಲ.